ಖಾಲಿ ಹೆಜ್ಜೆ

"ಪಾದದಿಂದ ಶುರು ಮಾಡಿ, ಮೊರಿಯೊ ಅಣ್ಣ. ತಲೆ ಕೊನೆಗೆ. ಇಲ್ಲಾಂದ್ರೆ ಅಪ್ಪ ಕಲಶದೊಳಗೆ ತಲೆಕೆಳಗಾಗಿ ನಿಲ್ತಾರೆ," ಎಂದಳು ಗುರುಗಳ ಮಗಳು ಫುಮಿ.

ಇಬ್ಬರೂ ಬಿದಿರುಕಡ್ಡಿಗಳಿಂದ ಒಂದೇ ಎಲುಬನ್ನು ಹಿಡಿದು ಎತ್ತಿದರು. ಚಿತಾಗಾರದ ತಟ್ಟೆ ಇನ್ನೂ ಬಿಸಿಯಿತ್ತು. ಬಲಗೈಯ ಬೆರಳುಗಳ ಸರದಿ ಬಂತು. ಎಪ್ಪತ್ತು ವರ್ಷ ಹುಲ್ಲುಹಗ್ಗ ಸುತ್ತಿದ ಕಂಬಕ್ಕೆ ಗುದ್ದಿದ ಗೆಣ್ಣುಗಳು. ಈಗ ಹವಳದ ಚೂರಿನಷ್ಟು ಹಗುರ.

"ಆ ಗೆಣ್ಣಿಂದ ನಾನು ಏಟು ತಿಂದಷ್ಟು ಯಾರೂ ತಿಂದಿಲ್ಲ," ಎಂದ ಹಿಂದೆ ನಿಂತಿದ್ದ ಜೊತೆಶಿಷ್ಯ ಜೆಂಕೊ. "ಆದ್ರೂ ಅಳು ಬರ್ತಿದೆ, ನೋಡು." ಮೂಗೊರೆಸಿಕೊಂಡು ಪಿಸುಗುಟ್ಟಿದ: "ಸಂಜೆ ಆ ಜಾಗದಲ್ಲಿ ಏನು ಮಾಡ್ತೀಯೋ?"

ಗೋರಿ ಮುಚ್ಚುವ ಮುನ್ನ ಹಿರಿಯ ಶಿಷ್ಯ, ಅಂದರೆ ಮೊರಿಯೊ, ಗುರುವಿನ ಕರಾಟೆ ವರಸೆಯನ್ನು ಪೂರ್ತಿ ಮಾಡಿ ತೋರಿಸಬೇಕು. ತಪ್ಪಿದರೆ ಅದು ಗುರುವಿನ ಜೊತೆಗೇ ಮಣ್ಣಾಯಿತು ಎಂದು ಲೆಕ್ಕ. ಸೆಜುನ್ ಗುರುಗಳ ವರಸೆಯಲ್ಲಿ ಹದಿನೇಳನೆಯ ಹೆಜ್ಜೆಯಾದ ಮೇಲೆ ಒಂದು ಏಟಿನ ಜಾಗ ಖಾಲಿಯಿತ್ತು.

"ಒಂದು ಗುದ್ದು ಹಾಕಿಬಿಡು. ಪಕ್ಕದೂರಿನವರು ಅಲ್ಲಿ ಗುದ್ದೇ ಹಾಕೋದು. ನಮ್ಮ ಮುದುಕರಿಗೆ ಮರೆತಿತ್ತು, ಅಷ್ಟೆ," ಎಂದ ಜೆಂಕೊ.

*

ಕರಾಟೆ ಕಲಿಸುತ್ತಿದ್ದದ್ದು ಗುರುಗಳ ಮನೆತನದ ಕಲಶಗಳನ್ನೆಲ್ಲ ಇಡುವ, ಕೋಣೆಯಷ್ಟು ದೊಡ್ಡ ಗೋರಿಯ ಅಂಗಳದಲ್ಲಿ. ಗುಟ್ಟಾಗಿ ಕಲಿಸಬೇಕಿದ್ದ ಅರಸರ ಕಾಲದಿಂದ ಹಾಗೆಯೇ. ಸತ್ತವರು ಯಾರಿಗೂ ಚಾಡಿ ಹೇಳುವುದಿಲ್ಲವೆಂದು.

ಎಲ್ಲ ವರಸೆಯೂ ತಡೆಯಿಂದಲೇ ಶುರು. "ಬರುವ ಕೈಯನ್ನ ಮೊದಲು ನೋಡು," ಎನ್ನುತ್ತಿದ್ದರು ಗುರುಗಳು. "ಅದರಲ್ಲಿ ಏನಿದೆ ಅಂತ ನೋಡು. ಆಮೇಲೆ ನಿನ್ನ ಕೈ."

ಹದಿನೇಳನೆಯ ಹೆಜ್ಜೆಗೆ ಅವರ ಮುಖ ಗೋರಿಯ ಗಿಡ್ಡ ಬಾಗಿಲಿಗೆ ತಿರುಗುತ್ತಿತ್ತು. ಅಲ್ಲಿ ಅರೆಹೆಜ್ಜೆ ಪಕ್ಕಕ್ಕೆ ಸರಿದು ನಿಂತುಬಿಡುತ್ತಿದ್ದರು, ಹಾಡುವವರು ಸಾಲಿನ ನಡುವೆ ಉಸಿರಿಗೆ ನಿಂತ ಹಾಗೆ. ಕಣ್ಣು ಮಾತ್ರ, ಯಾರೋ ಪಕ್ಕದಲ್ಲಿ ಹಾದುಹೋಗುವುದನ್ನು ನೋಡುವಂತೆ, ಮೆಲ್ಲಗೆ ಬಾಗಿಲತ್ತ ಸಾಗುತ್ತಿತ್ತು. ಆ ಹೊತ್ತಿನಲ್ಲಿ ಶಿಷ್ಯರಾರೂ ಅವರಿಗೂ ಬಾಗಿಲಿಗೂ ನಡುವೆ ಹಾಯುತ್ತಿರಲಿಲ್ಲ. ಹಾಯಬೇಡಿ ಎಂದು ಯಾರೂ ಹೇಳಿರಲಿಲ್ಲ.

"ಅಲ್ಲಿ ಯಾವ ಏಟು, ಗುರುಗಳೇ?" ಎಂದು ಮೊರಿಯೊ ಕೇಳುತ್ತಿದ್ದ.

"ಹೇಳ್ತೀನಿ. ಇನ್ನೊಂದು ದಿನ."

ಮೂವತ್ತು ವರ್ಷವಾದರೂ ಆ ದಿನ ಬರಲಿಲ್ಲ.

*

ಸಂಜೆ ಗೋರಿಯ ಬಾಗಿಲುಕಲ್ಲು ಸರಿಸಿ ಕಲಶವನ್ನು ಒಳಗಿಟ್ಟಿದ್ದರು. ಊದುಬತ್ತಿಯ ಹೊಗೆ ಆಮೆಬೆನ್ನಿನ ಗೋರಿಯ ಮೇಲೆ ತೆವಳುತ್ತಿತ್ತು. ಕೆಳಬೀದಿಯ ನಾಬೆ ಅಜ್ಜಿ ಮಣ್ಣಿನ ಹೂಜಿಯನ್ನು ತಬ್ಬಿಕೊಂಡು ಮೆಟ್ಟಿಲೇರಿ ಬಂದಳು.

"ನೀರ್ಯಾಕೆ ಹೊತ್ಕೊಂಡು ಬಂದ್ರಿ ಅಜ್ಜಿ? ಗುರುಗಳು ಸಾರಾಯಿ ಗಿರಾಕಿ," ಎಂದ ಜೆಂಕೊ.

"ನಿಮ್ಮ ಗುರುವಿಗಲ್ಲಪ್ಪ. ನಮ್ಮಣ್ಣನಿಗೆ."

ಅಜ್ಜಿ ಕಲ್ಲಿನ ಮೇಲೆ ಕೂತಳು.

"ಯುದ್ಧದಲ್ಲಿ ಇದೇ ಗೋರಿಯೊಳಗೆ ಅಡಗಿದ್ವಿ. ನಂಗೆ ಒಂಬತ್ತು. ಬಾಗಿಲು ಕಾಯ್ತಿದ್ದೋನು ಸೆಜುನ್, ಹದಿನೇಳು ವರ್ಷದೋನು. ನಮ್ಮಣ್ಣ ನೀರು ತರೋಕೆ ಒರತೆಗೆ ಹೋಗಿದ್ದ. ಬಾಗಿಲಲ್ಲಿ ನೆರಳು ಕಾಣ್ತು. ಯಾರು ಅಂತ ಇವನು ಕೇಳ್ಲಿಲ್ಲ, ನೋಡ್ಲಿಲ್ಲ. ಒಂದೇ ಗುದ್ದು. ಹೂಜಿ ಒಡೆದು ನೀರು ಹರಿದು ನನ್ನ ಕಾಲಿಗೆ ಬಂತು. ಆಗ ಗೊತ್ತಾಯ್ತು, ಸತ್ತೋನು ಯಾರು ಅಂತ."

ಫುಮಿ ಅಜ್ಜಿಯ ಪಕ್ಕ ಕುಕ್ಕರಿಸಿದಳು. "ಅಪ್ಪ ಒಂದು ಮಾತೂ ಆಡಲಿಲ್ಲ..."

"ವರ್ಷಕ್ಕೊಂದ್ಸಲ ಬಂದು ನನ್ನ ಹೊಸಿಲಲ್ಲಿ ಕೂತು ಹೋಗ್ತಿದ್ದ, ತಾಯಿ. ಒಳಗೆ ಬಾ ಅಂತ ನಾನು ಅನ್ಲಿಲ್ಲ. ಬಿಸಿಲಲ್ಲಿ ಬಂದೋನಿಗೆ ಒಂದು ಲೋಟ ನೀರೂ ಕೊಡ್ಲಿಲ್ಲ."

ಮೊರಿಯೊ ಅಂಗಳದ ನಡುವೆ ಹೋಗಿ ನಿಂತ. ತಡೆ. ತಿರುವು. ಮತ್ತೆ ತಡೆ. ಅವನ ಪಾದದ ಸದ್ದು ಬಿಟ್ಟರೆ ಬೇರೇನಿಲ್ಲ. ಹದಿನೇಳನೆಯ ಹೆಜ್ಜೆಗೆ ಅವನ ಮುಖ ತೆರೆದ ಬಾಗಿಲಿನ ಕತ್ತಲಿಗೆ ತಿರುಗಿತು. ಬಲಮುಷ್ಟಿ ತಾನಾಗಿ ಬಿಗಿಯಿತು.

ಅವನು ನೋಡಿದ. ಮುಷ್ಟಿ ಬಿಚ್ಚಿ ಅರೆಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಹೂಜಿ ಹೊತ್ತ ಒಬ್ಬ ಮನುಷ್ಯ ಭುಜ ತಾಗದೆ ಹಾಯುವಷ್ಟು ಜಾಗ ತೆರವಾಯಿತು.

ನಾಬೆ ಅಜ್ಜಿ ಎದ್ದು, ಹೂಜಿ ಎತ್ತಿಕೊಂಡು, ಆ ಜಾಗದಲ್ಲಿ ನಡೆದಳು. ಮೊರಿಯೊನ ಕಣ್ಣು ಮೆಲ್ಲಗೆ ಅವಳ ಹಿಂದೆ ಸಾಗಿತು. ಬಾಗಿಲಿಗೆ ಬಂದವಳು ಒಳಗೆ ಕಾಲಿಡಲಿಲ್ಲ. ತಾನೂ ಅರೆಹೆಜ್ಜೆ ಸರಿದು, ಹಿಂದೆ ಬರುವ ಅಣ್ಣನಿಗೆ ದಾರಿ ಬಿಟ್ಟು, ತಲೆ ತಗ್ಗಿಸಿ ನಿಂತಳು. ಹೂಜಿಯ ನೀರು ಹೊಸಿಲಿನ ಮೇಲೆ ತೊಟ್ಟಿಕ್ಕುತ್ತಿತ್ತು.