ಜಮಾದಾರನೂ ಮೈಸೂರಿನ ಸುಂದರನೂ

ಬೀದರಿನ ಕೋಟೆಯ ಕಡೆಗೆ ಹೋಗುವ ಒಂದು ಗಲ್ಲಿಯಲ್ಲಿ ಜಮಾದಾರ ಎಂಬ ನಾಯಿ ಇತ್ತು. ಅದು ಯಾರದು ಎಂದು ಕೇಳಿದರೆ ಗಲ್ಲಿಯವರೆಲ್ಲ ನಮ್ಮದಲ್ಲ ಎನ್ನುತ್ತಿದ್ದರು. ಅದಕ್ಕೆ ರೊಟ್ಟಿ ಹಾಕುವವರು ಯಾರು ಎಂದರೆ ನಾವಲ್ಲ ಎನ್ನುತ್ತಿದ್ದರು. ಆದರೂ ಅದರ ಹೊಟ್ಟೆ ಗಲ್ಲಿಯ ಅಂಗಡಿಕಾರ ಹಾವಗೆಪ್ಪನ ಹೊಟ್ಟೆಗಿಂತ ದುಂಡಗಿತ್ತು. ಬರುವ ಹೋಗುವವರನ್ನೆಲ್ಲ ಮೂಸಿ, ತನಿಖೆ ಮುಗಿಸಿ ಆಮೇಲೆ ದಾರಿ ಬಿಡುತ್ತಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತ್ತು. ಹಾವಗೆಪ್ಪನ ಹೆಂಡತಿ ಕಸ್ತೂರಿಬಾಯಿಗೆ ಮಾತ್ರ ನಾಯಿ ಯಾರದೆಂಬ ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ತಾಯಿ ಸತ್ತ ಮರಿಯನ್ನು ತಂದು, ಅರಿವೆಯ ಚೂರನ್ನು ಹಾಲಲ್ಲಿ ಅದ್ದಿ ಚೀಪಿಸಿ ಉಳಿಸಿದವಳು ಅವಳು. ಮಕ್ಕಳಿಲ್ಲದ ಮನೆ. ಗಂಡನ ಮುಂದೆ ಅದನ್ನು ಗಲ್ಲಿ ನಾಯಿ ಎನ್ನುತ್ತಿದ್ದಳು, ಅವನು ಅಂಗಡಿಗೆ ಹೋದ ಮೇಲೆ ಮಗನೇ ಎನ್ನುತ್ತಿದ್ದಳು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಬಿಸಿಲು ಏರುವ ಮುಂಚೆ, ಮೈಸೂರಿನ ಕಡೆಯಿಂದ ಒಬ್ಬ ಇಂಜಿನಿಯರು ವರ್ಗವಾಗಿ ಬಂದು ಗಲ್ಲಿಯ ಆಚೆಗಿದ್ದ ದೊಡ್ಡ ಮನೆಯನ್ನು ಬಾಡಿಗೆಗೆ ಹಿಡಿದರು. ಅವರ ಜೊತೆ ಹೆಂಡತಿ ವಿಶಾಲಾಕ್ಷಮ್ಮ ಬಂದರು. ವಿಶಾಲಾಕ್ಷಮ್ಮನವರ ಜೊತೆ ಸುಂದರ ಬಂದ. ಸುಂದರ ಎಂದರೆ ಮೈತುಂಬ ಬಿಳಿ ಕೂದಲಿನ ಪುಟ್ಟ ನಾಯಿ. ದಿನಾ ಬೆಳಿಗ್ಗೆ ಅದರ ಕೊರಳಿಗೆ ಉದ್ದನೆಯ ಚರ್ಮದ ಪಟ್ಟಿ ಹಾಕಿ, ಗಲ್ಲಿಯ ಮೂಲಕ ಕೋಟೆಯ ಕಡೆಗೆ ತಿರುಗಾಡಿಸಲು ಒಯ್ಯುವುದು ಅಮ್ಮನವರ ರೂಢಿ. ಕುದುರೆಗೆ ಲಗಾಮು, ಎತ್ತಿಗೆ ಮೂಗುದಾರ ಕಂಡಿದ್ದ ಗಲ್ಲಿಗೆ ಇದು ಹೊಸದು. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂಬುದೇ ಹಾವಗೆಪ್ಪನಿಗೆ ಬಹಳ ದಿನ ತಿಳಿಯಲಿಲ್ಲ.

ಈಗ ಕರೀಮ ಸಾಬರ ವಿಷಯ ಹೇಳಬೇಕು. ಕಸ್ತೂರಿಬಾಯಿಯ ಎದುರು ಮನೆ ಅವರದು. ನಿಜಾಮರ ಕಾಲದಲ್ಲಿ ತಹಸೀಲ ದಫ್ತರಿನ ಚಪರಾಸಿಯಾಗಿ, ಬಾಗಿಲ ಹೊರಗೆ ನಿಂತೇ ಆಯುಷ್ಯ ಕಳೆದವರು. ಹಾಕಿಮರು, ಅಂದರೆ ಅಧಿಕಾರಿಗಳು, ಅಥವಾ ಅವರ ಮನೆಯವರು ದಾರಿಯಲ್ಲಿ ಹಾದರೆ ಗಂಡಸರು ಎದ್ದು ನಿಲ್ಲಬೇಕು, ಹೆಂಗಸರು ಒಳಗೆ ಸರಿದು ಬಾಗಿಲು ಹಾಕಿಕೊಳ್ಳಬೇಕು ಎಂಬುದು ಅವರು ಕಂಡ ಅದಬು, ಗೌರವ ತೋರುವ ರೀತಿ. ರಾಜ್ಯ ಬದಲಾಯಿತೆಂದು ಅದಬು ಬದಲಾಗುತ್ತದೆಯೇ? ಬೆಳಿಗ್ಗೆ ವಿಶಾಲಾಕ್ಷಮ್ಮ ಗಲ್ಲಿಯ ತುದಿಯಲ್ಲಿ ಕಂಡದ್ದೇ ತಡ, ಟೋಪಿ ಇಟ್ಟುಕೊಂಡು ಎದ್ದು ಕೂಗುತ್ತಿದ್ದರು:

"ಹುಷಾರ್! ಬಾಯಿಸಾಹೇಬರು ಬರ್ತಾರ!"

ಗಂಡಸರು ದಡಬಡ ಎದ್ದು ಕೈಕಟ್ಟಿ ನಿಲ್ಲುತ್ತಿದ್ದರು. ಬಾಗಿಲುಗಳು ಒಂದರ ಹಿಂದೆ ಒಂದು ಮುಚ್ಚಿಕೊಳ್ಳುತ್ತಿದ್ದವು. ಗಲ್ಲಿಗೆ ಗಲ್ಲಿಯೇ ಉಸಿರು ಬಿಗಿಹಿಡಿಯುತ್ತಿತ್ತು. ಅಷ್ಟರಲ್ಲಿ ಜಮಾದಾರ ಬೊಗಳುತ್ತ ನುಗ್ಗುತ್ತಿತ್ತು. ಅಮ್ಮನವರು ಗಾಬರಿಯಾಗಿ ಪಟ್ಟಿಯನ್ನು ಕೈಗೆ ಸುತ್ತಿ ಎಳೆಯುತ್ತಿದ್ದರು. ಎಳೆದಷ್ಟೂ ಸುಂದರ ಹಿಂಗಾಲ ಮೇಲೆ ನಿಂತು, ತನ್ನ ಗಾತ್ರ ಮರೆತು ಹಾರಾಡುತ್ತಿತ್ತು.

ಒಂದು ದಿನ ಜಮಾದಾರನ ಹಲ್ಲು ತಾಗಿ ಸುಂದರನ ಕಿವಿಯಿಂದ ರಕ್ತ ಬಂತು. ಸಂಜೆ ಇಂಜಿನಿಯರು ತಾವೇ ಗಲ್ಲಿಗೆ ಬಂದರು. ದನಿ ಎತ್ತರಿಸಲಿಲ್ಲ, ಕುಳಿತುಕೊಳ್ಳಲೂ ಇಲ್ಲ.

"ನೋಡಿ, ಇನ್ನೊಂದು ಸಲ ಹೀಗಾದ್ರೆ ಬಲದಿಯಾದವರಿಗೆ ಹೇಳಿ ಹಿಡಿಸಿಬಿಡ್ತೀನಿ. ಆಮೇಲೆ ನನ್ನನ್ನ ಬೈಬೇಡಿ" ಎಂದು ಹೇಳಿ ಹೊರಟರು.

ಬಲದಿಯಾ ಎಂದರೆ ಊರಿನ ಮುನಸಿಪಾಲಿಟಿ. ಅವರ ಬಂಡಿ ಹತ್ತಿದ ನಾಯಿ ತಿರುಗಿ ಬಂದದ್ದನ್ನು ಗಲ್ಲಿಯಲ್ಲಿ ಯಾರೂ ಕಂಡಿರಲಿಲ್ಲ.

ಮರುದಿನ ಕಸ್ತೂರಿಬಾಯಿ ಜಮಾದಾರನನ್ನು ಅಂಗಳದಲ್ಲಿದ್ದ ಹೊರಸು ಮಂಚದ ಕಾಲಿಗೆ ಕಟ್ಟಿದಳು. ಹೊರಸಿನ ಮೇಲೆ ಶಾವಿಗೆ ಒಣಹಾಕಿತ್ತು. ಎದುರಿನಿಂದ "ಹುಷಾರ್!" ಎಂದು ಕೇಳಿದ್ದೇ, ಜಮಾದಾರ ಹೊರಸಿನ ಸಮೇತ ಹೊರಟಿತು. ಹೊರಸು ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡಿದ್ದರಿಂದ ಸುಂದರ ಉಳಿಯಿತು, ಆದರೆ ವರ್ಷದ ಶಾವಿಗೆಯೆಲ್ಲ ಗಲ್ಲಿಯ ಪಾಲಾಯಿತು. ಕೈಕಟ್ಟಿ ನಿಂತಿದ್ದ ಗಂಡಸರು ಕೈ ಬಿಡದೆಯೇ ನಕ್ಕರು.

"ಔರಾದಕ್ಕ ನಮ್ಮ ತಂಗಿ ಶಾಂತಾಬಾಯಿ ಹೊಲಕ್ಕ ಬಿಟ್ಟು ಬರ್ತೇನಿ. ಅಲ್ಲಿ ಆರಾಮ ಇರ್ತದ" ಎಂದ ಹಾವಗೆಪ್ಪ, ಶಾವಿಗೆ ಆರಿಸುತ್ತ.

"ಒಯ್ರಿ. ನಾನೂ ಅದರ ಜೋಡಿ ಬಸ್ ಹತ್ತತೇನಿ. ನೀವು ಇಲ್ಲಿ ನಿಮ್ಮ ಕೈಲೆ ರೊಟ್ಟಿ ಬಡ್ಕೊಂಡು ಉಣ್ರಿ."

"ಗಲ್ಲಿ ನಾಯಿಗ್ಯಾಕ ಇಷ್ಟು ಸಿಟ್ಟಾಗ್ತಿ?"

ಕಸ್ತೂರಿಬಾಯಿ ಅತ್ತುಬಿಟ್ಟಳು. ಹಾವಗೆಪ್ಪ ಔರಾದದ ಯೋಚನೆ ಬಿಟ್ಟ. ಅವನಿಗೂ ಎಲ್ಲ ಗೊತ್ತಿತ್ತು, ಬಹಳ ದಿನದಿಂದಲೇ.

ಅದೇ ವಾರ ಕರೀಮ ಸಾಬರು ಮಗಳು ಸುಗರಾಳನ್ನು ನೋಡಲು ಭಾಲ್ಕಿಗೆ ಹೋದರು. ಆಮೇಲೆ ಏನಾಯಿತೋ ಏನೋ, ಜಮಾದಾರ ತಣ್ಣಗಾಯಿತು. ಕೂಗಿ ಹೇಳುವವರಿಲ್ಲದ ಕಾರಣ ವಿಶಾಲಾಕ್ಷಮ್ಮ ಬಂದದ್ದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಎದ್ದು ನಿಲ್ಲಬೇಕೆನ್ನುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು. ಸುಂದರ ಗೋಡೆಯ ಬದಿಗೆ ಮೂಸುತ್ತ ಹೋಗುತ್ತಿತ್ತು. ಜಮಾದಾರ ಒಮ್ಮೆ ಅದರ ಬಾಲದ ಕಡೆ ಮೂಗು ಚಾಚಿ ತನಿಖೆ ಮುಗಿಸಿ ಮತ್ತೆ ಬಿದ್ದುಕೊಳ್ಳುತ್ತಿತ್ತು. ಗುಟ್ಟಾಗಿ ಹರಕೆ ಹೊತ್ತಿದ್ದ ಕಸ್ತೂರಿಬಾಯಿ ಇದು ಬಸವಣ್ಣನ ಕೃಪೆ ಎಂದುಕೊಂಡಳು.

ಕರೀಮ ಸಾಬರು ಭಾಲ್ಕಿಯಿಂದ ಬಂದ ಮರುದಿನ ಬೆಳಿಗ್ಗೆ ಅವಳು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಜಮಾದಾರ ಅವಳ ಕಾಲ ಬಳಿ ನಿದ್ದೆ ಹೊಡೆಯುತ್ತಿತ್ತು. ಸುಂದರ ಗಲ್ಲಿಯ ತುದಿಯಲ್ಲಿ ಕಾಣಿಸಿತು. ಜಮಾದಾರ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು. ಅಷ್ಟರಲ್ಲಿ ಕರೀಮ ಸಾಬರಿಗೆ ಟೋಪಿ ಸಿಕ್ಕಿತು.

"ಹುಷಾರ್! ಬಾಯಿಸಾಹೇಬರು ಬರ್ತಾರ!"

ಪಕ್ಕದ ವೈಜಿನಾಥ ಬೀಡಿ ಎಸೆದು ಎದ್ದ. ಬಾಗಿಲುಗಳು ಮುಚ್ಚಿದವು. ಕಸ್ತೂರಿಬಾಯಿಯೂ ಎದ್ದು ಒಳಗೆ ಹೋಗಬೇಕಿತ್ತು, ತೊಡೆಯ ಮೇಲೆ ಮೊರ ತುಂಬ ಬೇಳೆ ಇದ್ದುದರಿಂದ ಕುಳಿತೇ ಇದ್ದಳು. ಕುಳಿತದ್ದರಿಂದಲೇ ಅವಳಿಗೆ ಜಮಾದಾರನ ಮುಖ ಕಂಡಿತು. ಅದು ಗಡಬಡಿಸಿ ಎದ್ದಿತ್ತು, ಆದರೆ ಸುಂದರನನ್ನು ನೋಡುತ್ತಿರಲಿಲ್ಲ. ವೈಜಿನಾಥನನ್ನು ನೋಡಿತು. ಮುಚ್ಚಿದ ಬಾಗಿಲುಗಳನ್ನು ನೋಡಿತು. ಸೆಟೆದು ನಿಂತ ಕರೀಮ ಸಾಬರನ್ನು ನೋಡಿತು. ಬೆನ್ನ ಮೇಲಿನ ಕೂದಲು ಎದ್ದು ನಿಂತ ಮೇಲೆಯೇ ಅದು ಸುಂದರನ ಕಡೆ ತಿರುಗಿದ್ದು.

ಕಸ್ತೂರಿಬಾಯಿಗೆ ಥಟ್ಟನೆ ಹೊಳೆಯಿತು. ಅಯ್ಯೋ, ನಮ್ಮ ಮೇಲೆ ಯಾರೋ ದಂಡೆತ್ತಿ ಬಂದಿದ್ದಾರೆಂದು ಇದು ತಿಳಿದಿದೆ!

"ಕುಂದ್ರಿ! ಎಲ್ಲಾರೂ ಕುಂದ್ರಿ!" ಎಂದು ಕಿರುಚಿದಳು. "ಏ ವೈಜಿನಾಥ, ಕುಂದ್ರೋ! ಬಾಗಿಲಾ ತಗೀರೆವ್ವಾ! ಅಮ್ಮಾರ, ಆ ಲಗಾಮು ಸಡ್ಲ ಬಿಡ್ರಿ, ಜಗ್ಗಬ್ಯಾಡ್ರಿ!"

ಅವಳ ಗಂಟಲಿಗೆ ಹೆದರಿ ವೈಜಿನಾಥ ಕುಳಿತ. ಬಾಗಿಲುಗಳು ತೆರೆದವು. ವಿಶಾಲಾಕ್ಷಮ್ಮ ದಿಕ್ಕು ತೋಚದೆ ನಿಂತು, ಕೈಗೆ ಸುತ್ತಿದ್ದ ಪಟ್ಟಿಯನ್ನು ಒಂದು ಸುತ್ತು ಬಿಚ್ಚಿದರು. ಸುಂದರ ನಾಲ್ಕು ಕಾಲಿನ ಮೇಲೆ ಇಳಿಯಿತು. ನಿಂತೇ ಉಳಿದವರು ಕರೀಮ ಸಾಬರೊಬ್ಬರೇ. ಜಮಾದಾರ ಅವರ ಮುಂದೆ ಹೋಗಿ ಅಡ್ಡ ನಿಂತು, ಹಲ್ಲು ಕಾಣುವ ಹಾಗೆ ಗುರುಗುಟ್ಟತೊಡಗಿತು.

"ಚಾಚಾ, ನೀವೂ ಕುಂದ್ರಿ. ನೀವು ಎದ್ದು ನಿಂತ್ರ ನಿಮಗ ಏನೋ ಆಗ್ತದಂತ ಅದು ತಿಳಿದದ."

"ಹಾಕಿಮರ ಮನಿಯವರು ಎದುರಿಗಿದ್ದಾಗ ನಾ ಕುಂದ್ರಬೇಕಾ? ಇದೇನು ಮಾತು, ಬೇಟಿ? ಹುಟ್ಟಿದಾಗಿಂದ ಕುಂತಿಲ್ಲ ನಾ."

"ಇವತ್ತೊಂದಿನ ಕುಂದ್ರಿ, ಚಾಚಾ. ಇಲ್ಲಂದ್ರ ಬಂಡ್ಯಾಗ ಹಾಕ್ಕೊಂಡು ಒಯ್ತಾರ ನನ್ನ ಮಗನಿಗೆ."

ಗಲ್ಲಿಯ ಎದುರಿಗೇ ಮಗ ಎಂದುಬಿಟ್ಟಿದ್ದಳು. ಅಂಗಡಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ ಹಾವಗೆಪ್ಪ ಸದ್ದಿಲ್ಲದೆ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟ.

ಕರೀಮ ಸಾಬರು ತಮ್ಮ ಕಾಲ ಮುಂದಿದ್ದ ನಾಯಿಯನ್ನು ನೋಡಿದರು. ತಾವು ಯಾರಿಗೂ ಕಾಣದಂತೆ ದಿನಾ ರೊಟ್ಟಿ ಹಾಕುತ್ತಿದ್ದ ನಾಯಿ ಅದು. ಗೋಡೆ ಹಿಡಿದು, ಮೊಣಕಾಲು ಮಡಚಿ, ಮೆಲ್ಲಗೆ ಕಟ್ಟೆಯ ಮೇಲೆ ಕುಳಿತರು. ಕುಳಿತ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಜಮಾದಾರ ತಿರುಗಿ ಅವರ ಮುಖ ನೋಡಿ, ಕೈ ನೆಕ್ಕಿ, ಮೈ ಕೊಡವಿಕೊಂಡಿತು. ಸುಂದರ ಹತ್ತಿರ ಬಂತು. ಎರಡೂ ಒಂದನ್ನೊಂದು ಮೂಸಿ ನೋಡಿದವು. ಅಷ್ಟಕ್ಕೇ ಮುಗಿಯಿತು.

ವಿಶಾಲಾಕ್ಷಮ್ಮನವರ ಕಣ್ಣು ತುಂಬಿತ್ತು. "ನಾನು ಬಂದ್ರೆ ನೀವೆಲ್ಲ ಮಾತು ನಿಲ್ಲಿಸಿ ಬಾಗಿಲು ಹಾಕ್ಕೊಳ್ತಿದ್ರಲ್ಲ, ನಾವು ಮೈಸೂರಿನೋರು ಬಂದದ್ದು ಇಡೀ ಊರಿಗೇ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ದಿನಾ ಮನೆಗೆ ಹೋಗಿ ಅಳ್ತಿದ್ದೆ" ಎಂದರು.

"ಅಯ್ಯಯ್ಯ, ಅದು ಮರ್ಯಾದಿರಿ, ಅಮ್ಮಾರ!" ಎಂದಳು ಕಸ್ತೂರಿಬಾಯಿ.

ಕರೀಮ ಸಾಬರಿಗೆ ಕಟ್ಟೆ ಸುಡುತ್ತಿತ್ತು. "ಬಾಯಿಸಾಹೇಬ, ನಾಯಿ ಸುಮ್ಮನಾಗ್ಯದ. ನಾ ಇನ್ನ ಏಳಲೇನ್ರಿ?" ಎಂದು ಕೇಳಿದರು.

"ಬೇಡಿ. ಸ್ವಲ್ಪ ಸರ್ಕೊಳ್ಳಿ" ಎಂದರು ವಿಶಾಲಾಕ್ಷಮ್ಮ. ಕರೀಮ ಸಾಬರು ಸರಿದು ಕೊಟ್ಟ ಜಾಗದಲ್ಲಿ, ಅದೇ ಕಟ್ಟೆಯ ಮೇಲೆ, ಸೆರಗು ಸರಿಮಾಡಿಕೊಂಡು ಕುಳಿತರು. ಜೀವಮಾನವೆಲ್ಲ ಹಾಕಿಮರ ಬಾಗಿಲಲ್ಲಿ ನಿಂತಿದ್ದ ಮುದುಕ ಟೋಪಿಯನ್ನು ಇನ್ನೊಂದು ತೊಡೆಗೆ ಸರಿಸಿ ಮತ್ತಷ್ಟು ಜಾಗ ಮಾಡಿಕೊಟ್ಟರು. ಕಸ್ತೂರಿಬಾಯಿ ಚಹಾ ಇಡಲು ಒಳಗೆ ಓಡಿದಳು.