ಮಾದೇವಮ್ಮನ ಎಂಟು

ಸಹೃದಯ ವಾಚಕ ಮಹಾಶಯರೇ, ಈ ಕಥೆಯ ಆರಂಭದಲ್ಲಿ ತಾವು ಕ್ಷಣಕಾಲ ಚಾಮುಂಡಿಬೆಟ್ಟಕ್ಕೆ ಬೆನ್ನು ಮಾಡಿ ನಿಲ್ಲಬೇಕೆಂದು ಸವಿನಯ ಪ್ರಾರ್ಥನೆ. ಬೆಟ್ಟದತ್ತ ಕಣ್ಣು ಹೋದದ್ದರಿಂದಲೇ ನಜರ್‌ಬಾದಿನ ಮಾದೇವಮ್ಮ ಸ್ಕೂಟರ್ ಪರೀಕ್ಷೆಯಲ್ಲಿ ನಪಾಸಾದದ್ದು.

ಸುಣ್ಣದಲ್ಲಿ ಎಳೆದ ಎಂಟರ ಅಂಕಿಯ ಮೊದಲ ಸುತ್ತನ್ನು ಆಕೆ ಚೊಕ್ಕವಾಗಿ ಮುಗಿಸಿದ್ದಳು. ಎರಡನೆಯದಕ್ಕೆ ಹೊರಳುವಾಗ ಮೈದಾನದ ಗೋಡೆಯಾಚೆ ಬೆಟ್ಟ ಎದುರಾಯಿತು. ಬೆಟ್ಟ ಕಂಡಾಗಲೆಲ್ಲ ಎದೆಯನ್ನೂ ತುಟಿಯನ್ನೂ ಮುಟ್ಟಿ ಬರುವುದು ಬಾಲ್ಯದಿಂದ ಆಕೆಯ ಬಲಗೈಗೆ ರೂಢಿ. ಅಂದೂ ಅದು ಯಾರನ್ನೂ ಕೇಳದೆ ಹ್ಯಾಂಡಲ್ ಬಿಟ್ಟು ಮೇಲೆದ್ದಿತು. ಗಾಡಿ ವಾಲಿತು, ಎಡಗಾಲು ನೆಲ ಮುಟ್ಟಿತು. ಛತ್ರಿಯ ನೆರಳಿನಲ್ಲಿ ಕುಳಿತಿದ್ದ ಇನ್‌ಸ್ಪೆಕ್ಟರು, ತಾಯಿಗೆ ನಮಸ್ಕರಿಸಿದವರನ್ನು ನಪಾಸು ಮಾಡಲು ತಮಗೆ ಮನಸ್ಸಿಲ್ಲವೆಂದೂ, ಆದರೆ ಕಾಲೂರಿದವರನ್ನು ಪಾಸು ಮಾಡಲು ಕಾನೂನಿಗೆ ಮನಸ್ಸಿಲ್ಲವೆಂದೂ ಹೇಳಿ, ಮುಂದಿನ ತಿಂಗಳು ಬರುವಂತೆ ಕಳಿಸಿದರು.

ಗಾಡಿಯನ್ನು ತಳ್ಳಿಕೊಂಡು ಬಂದ ಮಾದೇವಮ್ಮನನ್ನು ಗೇಟಿನ ಬಳಿ ತಂಗಿಯ ಮಗಳು ಸುಚಿತ್ರಾ ಎದುರುಗೊಂಡಳು. ಹೆಂಗಸರಿಗೆ ಸ್ಕೂಟರ್ ಕಲಿಸುವುದೇ ಅವಳ ಕಸುಬು. ಅಂಥವಳ ಸ್ವಂತ ದೊಡ್ಡಮ್ಮನೇ ಕಾಲೂರಿದ್ದು ಅವಳಿಗೆ ಅರ್ಧ ನಗೆಯನ್ನೂ ಅರ್ಧ ಸಂಕಟವನ್ನೂ ತಂದಿತ್ತು.

"ದೊಡ್ಡಮ್ಮ, ನೀನು ಕೈ ಎತ್ತದಿದ್ರೆ ಆ ತಾಯಿ ಏನು ಬೆಟ್ಟ ಬಿಟ್ಟು ಹೊರಟೋಗ್ತಿದ್ಳಾ?"

"ನಂಗೇ ಗೊತ್ತಾಗ್ದಂಗೆ ಎದ್ಬುಡ್ತು ಕಣ್ ಮಗಾ," ಎಂದಳು ಮಾದೇವಮ್ಮ. ದನಿಯಲ್ಲಿ ನಾಚಿಕೆಯಿತ್ತೇ ಹೊರತು ಸೋಲಿರಲಿಲ್ಲ.

ಆಕೆಗೆ ಸೋಲುವ ಅನುಕೂಲವೂ ಇರಲಿಲ್ಲ. ಅವಳ ಮನೆಯ ಹಿಂದಿನ ಬೀದಿಯಲ್ಲಿ ಆಡಿಟರೊಬ್ಬರ ಕಚೇರಿಯಿತ್ತು. ಅಲ್ಲಿಯವರಿಗೆಲ್ಲ ಮಧ್ಯಾಹ್ನದ ಮುದ್ದೆ, ಉಪ್ಸಾರು, ಅನ್ನ ಮಾದೇವಮ್ಮನ ಒಲೆಯಿಂದಲೇ ಹೋಗಬೇಕು. ಗಂಡ ತೀರಿಹೋದ ಮೇಲೆ ಸಂಸಾರ ನಿಂತದ್ದು ಆ ಊಟದ ಮೇಲೆ. ಆ ಕಚೇರಿ ಯುಗಾದಿ ಕಳೆದ ಮೇಲೆ ದೂರದ ಹೆಬ್ಬಾಳಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಎರಡು ಬಸ್ಸು ಹತ್ತಿಳಿದು ತಲುಪುವಷ್ಟರಲ್ಲಿ ಮುದ್ದೆ ಕಲ್ಲಾಗುತ್ತದೆ; ದಿನವೂ ಆಟೋ ಹಿಡಿದರೆ ಆಟೋದವನಿಗಾಗಿಯೇ ಅಡುಗೆ ಮಾಡಿದಂತೆ. ಆದ್ದರಿಂದ ತಾನು ಸ್ಕೂಟರ್ ಕಲಿತು ಊಟ ಮುಟ್ಟಿಸುವುದಾಗಿ ಆಕೆ ಪರೀಕ್ಷೆಗೆ ಎಷ್ಟೋ ಮೊದಲೇ ಕಚೇರಿಯ ಮ್ಯಾನೇಜರ್ ಅನುಪಮಾ ಮೇಡಮ್ಮಿಗೆ ಹೇಳಿದ್ದಳು.

ಅನುಪಮಾ ಕಂಪ್ಯೂಟರಿನಿಂದ ಕಣ್ಣು ತೆಗೆಯದೆಯೇ ನಕ್ಕಿದ್ದರು. "ಈ ವಯಸ್ಸಲ್ಲಿ ಸ್ಕೂಟರಾ? ಯೂ ಕಾಂಟ್ ಪುಲ್ ಇಟ್ ಆಫ್, ಮಾದೇವಮ್ಮ. ನಾವು ಅಲ್ಲೇ ಯಾವ್ದಾದ್ರೂ ಕ್ಯಾಂಟೀನ್ ನೋಡ್ಕೋತೀವಿ ಬಿಡಿ."

ಆ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೂ ಅರ್ಥವಾಗದ ಆ ಐದು ಸದ್ದುಗಳನ್ನು ಮಾದೇವಮ್ಮ ದಾರಿಯುದ್ದಕ್ಕೂ ಗುನುಗುತ್ತ ಮನೆಗೆ ಹೊತ್ತು ತಂದಳು. ತಂದು ಸುಚಿತ್ರಾಳ ಮುಂದೆ ಸುರಿದಳು. ಸ್ಪೋಕನ್ ಇಂಗ್ಲಿಷ್ ತರಗತಿಗೆ ಹೋಗಿ ಬಂದಿದ್ದ ಸುಚಿತ್ರಾ ಸ್ವಲ್ಪ ಯೋಚಿಸಿಯೇ ಉತ್ತರ ಕೊಟ್ಟಳು.

"ಆಗಲ್ಲ ಅಂತ ಎಲ್ರೂ ಕೈ ಕಟ್ಕೊಂಡು ನೋಡ್ತಿರೋವಾಗ ಮಾಡಿ ತೋರ್ಸೋದು ದೊಡ್ಡಮ್ಮ. ಅದು ನಿನ್ನ ಕೈಲಾಗಲ್ಲ ಅಂದಿದಾರೆ."

"ಏಗಿ ದಕ್ಕುಸ್ಕಳದು ಅನ್ನು."

"ಅದೇ."

"ಸರಿ, ದಕ್ಕುಸ್ಕಂಡ್ ಮೇಲೆ ಎಂಗನ್ಬೇಕು?"

"ಐ ಪುಲ್ಡ್ ಇಟ್ ಆಫ್. ಎಲ್ಲಿ, ಒಂದ್ಸಲ ಹೇಳು."

ಮಾದೇವಮ್ಮ ಹೇಳಲಿಲ್ಲ. ಒಲೆಯ ಮೇಲೆ ಕುದಿಯುತ್ತಿರುವುದನ್ನು ಬೆಂದಿತೆಂದು ಯಾರಾದರೂ ಬಡಿಸುತ್ತಾರೆಯೇ? ಆಗದಿರುವುದನ್ನು ಆಯಿತೆಂದು ಬಾಯಿಂದ ಆಡಬಾರದೆಂಬುದು ಆಕೆಯ ಖಡಾಖಂಡಿತ ನಿಲುವು. ಅಂದಿನಿಂದ ದೊಡ್ಡಕೆರೆ ಮೈದಾನದಲ್ಲಿ ಬೆಳಗಿನ ಅಭ್ಯಾಸಕ್ಕೆ ಇಳಿದಾಗಲೂ ಆ ಇಂಗ್ಲಿಷನ್ನು ತುಟಿಯೊಳಗೇ ಹೊರಳಿಸುತ್ತಿದ್ದಳು. ಸದ್ದು ಮಾತ್ರ ಹೊರಡಿಸುತ್ತಿರಲಿಲ್ಲ.

ನಪಾಸಾದ ಮೇಲೆ ಉಳಿದಿದ್ದ ತೊಡಕು ಗಾಡಿಯದಲ್ಲ, ಕೈಯದು. ಎಂಟು ಹಾಕುವವರು ಎಲ್ಲ ದಿಕ್ಕಿಗೂ ಮುಖ ಮಾಡಲೇಬೇಕು. ಬೆಟ್ಟವನ್ನು ಅತ್ತ ಸರಿಸುವಂತಿಲ್ಲ. ಬಲಗೈಯನ್ನು ಹ್ಯಾಂಡಲ್ಲಿಗೆ ಕರವಸ್ತ್ರದಿಂದ ಕಟ್ಟೋಣವೆಂದು ಸುಚಿತ್ರಾ ಹೇಳಿದ್ದಕ್ಕೆ ಮಾದೇವಮ್ಮ, ತಾಯಿಗೆ ಎದ್ದ ಕೈಯನ್ನು ಕಳ್ಳನ ಕೈಯಂತೆ ಕಟ್ಟುವುದೇ ಎಂದು ಸಿಡುಕಿದಳು. ಮುಂದಿನ ಪರೀಕ್ಷೆಯ ದಿನ ಸರದಿ ಬರುವ ಮುನ್ನ ಆಕೆ ಗೋಡೆಯ ಬಳಿಗೆ ಹೋಗಿ, ಬೆಟ್ಟಕ್ಕೆ ನೇರ ಮುಖ ಕೊಟ್ಟು, ಪಕ್ಕದ ಮನೆಯವರೊಂದಿಗೆ ಮಾತನಾಡುವ ದನಿಯಲ್ಲಿ ಹೇಳಿದಳು:

"ನೋಡವ್ವ, ಈಗ ನೀನು ಎದುರಿಗೆ ಬತ್ತೀಯ. ನಾನು ಕೈ ಎತ್ತಕಿಲ್ಲ. ಸಂಜೆ ಮೆಟ್ಲು ಹತ್ತಿ ಬಂದು ಎರಡು ಕೈಲೂ ಮುಗೀತೀನಿ. ಬೇಜಾರು ಮಾಡ್ಕಬೇಡ."

ಸಾಲಿನಲ್ಲಿದ್ದ ಹುಡುಗಿಯರು ಮುಖ ಮುಖ ನೋಡಿಕೊಂಡರು. ಮಾದೇವಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಗಾಡಿ ಹತ್ತಿದಳು.

ಮೊದಲ ಸುತ್ತು ಸಲೀಸಾಗಿ ಮುಗಿಯಿತು. ಎರಡನೆಯ ಹೊರಳಿನಲ್ಲಿ ಬೆಟ್ಟ ತನ್ನ ಜಾಗದಲ್ಲಿಯೇ ಕಾದಿತ್ತು, ಬಿಸಿಲಿನಲ್ಲಿ ಗೋಪುರದ ತುದಿಯೂ ತೋರುವಷ್ಟು ಸ್ಪಷ್ಟವಾಗಿ. ಬಲಗೈಯ ಬೆರಳುಗಳು ಸಡಿಲಿದವು. ಕುದಿಯುವ ಹಿಟ್ಟಿನಲ್ಲಿ ಮುದ್ದೆಕೋಲನ್ನು ಅಮುಕಿ ಹಿಡಿಯುವಂತೆ ಆಕೆ ಹ್ಯಾಂಡಲನ್ನು ಅಮುಕಿ ಹಿಡಿದಳು. ಕೈ ಮೇಲೇಳಲಿಲ್ಲ. ಗಾಡಿ ವಾಲಲಿಲ್ಲ. ಎರಡೂ ಕಾಲುಗಳು ಮೇಲೆಯೇ ಇದ್ದವು. ಇನ್‌ಸ್ಪೆಕ್ಟರು ತಲೆಯೆತ್ತಿ, ಗುರುತು ಹಿಡಿದು, ಪೆನ್ನು ಆಡಿಸಿ ಮುಂದಿನವರನ್ನು ಕರೆದರು.

ಸುಚಿತ್ರಾ ಓಡಿ ಬಂದು ತೋಳು ಹಿಡಿದಳು. "ಈಗಲಾದ್ರೂ ಬಾಯ್ಬಿಟ್ಟು ಹೇಳು."

"ತಡಿ ಮಗಾ. ಮುದ್ದೆ ಬಿಸಿ ಬಿಸೀಲಿ ಅಲ್ಲಿ ಮುಟ್ಬೇಕು. ಆಮೇಲೆ."

ಬೆಟ್ಟಕ್ಕೆ ಕೊಟ್ಟ ಮಾತನ್ನು ಅಂದೇ ಸಂಜೆ ತೀರಿಸಿದಳು. ಲೈಸೆನ್ಸಿನ ಕಾರ್ಡು ಅಂಚೆಯಲ್ಲಿ ಬರುವ ಹೊತ್ತಿಗೆ ಕಚೇರಿಯೂ ಹೆಬ್ಬಾಳ ಸೇರಿತ್ತು. ಮೊದಲ ದಿನ ಊಟ ತರುತ್ತೇನೆಂದು ಫೋನು ಮಾಡಿದಾಗ ಅನುಪಮಾ, ಒಂದು ವಾರ ನೋಡೋಣ, ತಡವಾದರೆ ಕ್ಯಾಂಟೀನೇ ಗತಿ ಎಂದು ಮೊದಲೇ ತಿಳಿಸಿದರು.

ಮಾದೇವಮ್ಮ ಮುದ್ದೆಗಳನ್ನು ಹಾಟ್‌ಬಾಕ್ಸಿನಲ್ಲಿ ಒತ್ತೊತ್ತಾಗಿ ಇಟ್ಟು, ಟವಲು ಸುತ್ತಿ, ಸಾರಿನ ಕ್ಯಾನನ್ನು ಕಾಲ ಬಳಿ ನಿಲ್ಲಿಸಿ ಹೊರಟಳು. ರೈಲ್ವೆ ನಿಲ್ದಾಣದ ಮುಂದೆ ಬಸ್ಸೊಂದು ಮೈಮೇಲೆಯೇ ಬರುವಂತೆ ಹಾರನ್ನು ಬಾರಿಸಿತು; ಆಕೆಯೂ ತನ್ನ ಹಾರನ್ನು ಬಾರಿಸಿ ಲೆಕ್ಕ ಸರಿಮಾಡಿದಳು. ಕೆ.ಆರ್.ಎಸ್. ರಸ್ತೆಯ ಇಕ್ಕೆಲದ ಮರಗಳ ನೆರಳು ಮುಗಿದು ಕಾರ್ಖಾನೆಗಳ ಬಿಸಿಲು ಶುರುವಾದರೂ ಕೈ ಹ್ಯಾಂಡಲ್ ಬಿಡಲಿಲ್ಲ.

ಹೊಸ ಕಚೇರಿಯಲ್ಲಿ ಅನುಪಮಾ ತಾವೇ ಡಬ್ಬ ತೆರೆದರು. ಹಬೆ ಎದ್ದು ಅವರ ಕನ್ನಡಕ ಮಂಜಾಯಿತು. ಮಾದೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ನೆಟ್ಟಗೆ ನಿಂತು, ಒಂದೊಂದೇ ಅಕ್ಷರವನ್ನು ತೂಗಿ ಹೇಳಿದಳು.

"ಮೇಡಂ, ಐ ಪುಲ್ಡ್ ಇಟ್ ಆಫ್."

ಅನುಪಮಾ ಕನ್ನಡಕ ತೆಗೆದು ಒರೆಸುತ್ತ ಬೆರಗಿನಿಂದ ನೋಡಿದರು. "ಅರೆ, ಇಂಗ್ಲಿಷು! ಏನದು ಮಾದೇವಮ್ಮ, ಏನ್ ಪುಲ್ ಆಫ್ ಮಾಡಿದ್ರಿ?"

ಅವರಿಗೆ ಒಂದಿಷ್ಟೂ ನೆನಪಿರಲಿಲ್ಲ. ಮೂದಲಿಸಿದ್ದವರ ಎದುರು ಮಂಡಿಸಲೆಂದು ತಿಂಗಳುಗಟ್ಟಲೆ ಕಾಪಾಡಿ ತಂದ ಮಾತು, ಮೂದಲಿಸಿಯೇ ಇಲ್ಲದವರ ಎದುರು ನಿಂತಿತ್ತು. ಮಾದೇವಮ್ಮ ಸಾರಿನ ಕ್ಯಾನಿನ ಮುಚ್ಚಳ ತಿರುಗಿಸಿದಳು. ಹಳೆಯದನ್ನು ನೆನಪಿಸುವುದೆಂದರೆ ಅಳಿಸಿಹೋದ ಸುಣ್ಣದ ಗೆರೆಯನ್ನು ಮತ್ತೆ ಎಳೆದಂತೆ.

"ಮುದ್ದೆ ಆರ್ದಂಗೆ ತಂದ್ನಲ್ಲ, ಅದ್ನೇ ಅಂದೆ," ಎಂದು ನಕ್ಕಳು. "ಉಣ್ಣಿ ಮೇಡಂ. ನಾಳೆ ಬಸ್ಸಾರು."

ಅವರು ಉಂಡು ಮುಗಿಸಿದ ಮೇಲೆ ಪಾತ್ರೆಗಳನ್ನು ನಲ್ಲಿಯಲ್ಲಿ ಗಲಬರಿಸಿ, ಒಂದರೊಳಗೊಂದು ಸೇರಿಸಿ, ಟವಲಿನಲ್ಲಿ ಗಂಟು ಕಟ್ಟಿ ಆಕೆ ಗಾಡಿಗೇರಿಸಿದಳು. ಮನೆಯ ದಾರಿ ಎಡಕ್ಕಿತ್ತು. ಬಲಕ್ಕೆ ರಸ್ತೆ ಕಾರ್ಖಾನೆಗಳ ನಡುವೆ ನೀಳವಾಗಿ ಹೋಗಿತ್ತು. ಅಲ್ಲೊಂದು ಗಾರ್ಮೆಂಟ್ಸಿನ ಗೇಟಿನ ಮುಂದೆ ಹೆಂಗಸರು ಬೇಲಿಯ ಅಂಚಿನಲ್ಲಿ ಸಾಲಾಗಿ ಕುಳಿತು ತಣ್ಣಗಿನ ಚಿತ್ರಾನ್ನ ಬಿಚ್ಚುತ್ತಿದ್ದರು. ಮಾದೇವಮ್ಮ ಅಲ್ಲಿ ಎಷ್ಟು ಮುದ್ದೆ ಬೇಕಾದೀತೆಂದು ತಲೆ ಎಣಿಸಿ, ಹೆಲ್ಮೆಟ್ ಹಾಕಿಕೊಂಡು, ಬಲಗಡೆಯ ದೀಪ ಮಿಣುಕಿಸಿ, ಲಾರಿಯೊಂದು ದಾಟಿಹೋಗುವುದನ್ನೇ ಕಾದು ರಸ್ತೆಗಿಳಿದಳು.