ನಡುಗುವ ಸೀಟು

"ಬೆನ್ನಿಗೆ ಏನರ ಗೊತ್ತಾಗಾಕತ್ತೈತೇನೋ?" ಫೋನಿನಲ್ಲಿ ಉಮೇಶ ಕೇಳಿದ. ಮೋಟಾರು ರಿಪೇರಿ ಅಂಗಡಿಯ ಈ ಗೆಳೆಯನೇ ಬೆಳಿಗ್ಗೆ ಬಂದು ಸೀಟಿನಡಿ ಎರಡು ಮೋಟಾರು ಕೂಡಿಸಿ ಹೋಗಿದ್ದ. ಒಂದು ನಡುಗಿಸಲು, ಇನ್ನೊಂದು ಸೀಟನ್ನು ವಾಲಿಸಲು.

"ಇಲ್ಲೋ ಮಾರಾಯಾ, ಹಿಟ್ಟಿನ ಗಿರಣ್ಯಾಗ ಕುಂತಂಗ ಆಗೈತಿ. ರಸ್ತಾದಂಗ ಇಲ್ಲ" ಎಂದ ಇನಾಯತ.

"ಹಂಗಾರ ಇನ್ನೊಂಚೂರು ಏರಸು."

ಹದಿನೆಂಟು ವರ್ಷ ಗಜೇಂದ್ರಗಡದಿಂದ ನರೇಗಲ್ಲಿಗೆ ಟೆಂಪೋ ಓಡಿಸಿದವನು ಇನಾಯತ. ಹೋದ ವರ್ಷ ರಾಜೂರ ಹತ್ತಿರ ಗಾಡಿ ಓಡಿಸುತ್ತಿದ್ದಾಗಲೇ ಫಿಟ್ಸ್ ಬಂದು ಟೆಂಪೋ ಹೊಲಕ್ಕಿಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಡಾಕ್ಟರು, ಇನ್ನು ಗಾಡಿ ಓಡಿಸಬೇಡ ಎಂದರು. "ಇನಾಯತಣ್ಣಾ, ನನಗೊಂದ ಸೀಟ ಹಿಡಿ" ಎಂದು ಕೂಗುತ್ತಿದ್ದವರೆಲ್ಲ ಈಗ ತಲೆಯಾಡಿಸಿ ದಾಟಿಹೋಗುತ್ತಾರೆ. ಟೆಂಪೋ ಮಾರಿದರೂ ಡ್ರೈವರ್ ಸೀಟನ್ನು ಮಾತ್ರ ಬಿಚ್ಚಿಟ್ಟುಕೊಂಡಿದ್ದ. ಅದರ ಮುಂದೆ ಟಿವಿ, ರೇಸ್ ಆಟದ ಸ್ಟಿಯರಿಂಗ್, ಪೆಡಲು. ಕಣ್ಣಿಗೆ ರಸ್ತೆ ಸಿಕ್ಕಿತ್ತು, ಮೈಗೆ ಸಿಕ್ಕಿರಲಿಲ್ಲ. ಅದೊಂದು ಸಿಕ್ಕರೆ ಸಾಕಿತ್ತು. ಮನೆಯಲ್ಲಿ ಕೂತು ಕೂತು ಅಷ್ಟು ಒಂಟಿಯಾಗಿಬಿಟ್ಟಿದ್ದ.

ಫೋನ್ ಇಟ್ಟು, ಹೆಡ್‌ಫೋನ್ ಏರಿಸಿ ಮೋಟಾರಿನ ಗುಂಡಿ ತಿರುಗಿಸಿದ. ಸೀಟು ಎಡಕ್ಕೆ ವಾಲಿತು; ಸೊಂಟದಿಂದ ಕುತ್ತಿಗೆಯವರೆಗೂ ನಡುಕ ಹತ್ತಿತು. ಖರೇ ರಸ್ತೆ! ರೇಸಿನ ಕಾರುಗಳು ಸುಂಯ್ ಎಂದು ಬಂದರೆ ಈ ಪುಣ್ಯಾತ್ಮ ಎಡಕ್ಕೆ ಸರಿದು ಎಲ್ಲರಿಗೂ ಸೈಡು ಕೊಟ್ಟ. ಕೊನೆಯ ಸ್ಥಾನಕ್ಕೆ ಬಿದ್ದರೂ ಅವನಿಗೆ ಚಿಂತೆಯಿರಲಿಲ್ಲ. ಸುಖಕ್ಕೆ ಕಣ್ಣು ಮುಚ್ಚಿಕೊಂಡ.

ಅವನ ಹೆಂಡತಿ ಶಬನಮ ನರೇಗಲ್ ಸಂತೆಯಿಂದ ಬಂದವಳು ಪಡಸಾಲೆಯಿಂದಲೇ ಎರಡು ಸಲ ಕರೆದಳು. ಬಾಗಿಲು ದೂಡಿದಳು. ಮುಚ್ಚಿದ ಕಣ್ಣು, ಕಟಕಟ ಎನ್ನುವ ಹಲ್ಲು, ಅದುರುವ ಕೈಕಾಲು.

"ಯಾ ಅಲ್ಲಾ!"

ಸಂತೆಯ ಚೀಲ ಅಲ್ಲೇ ಬಿತ್ತು. ಫಿಟ್ಸ್ ಬಂದಾಗೆಲ್ಲ ಮಾಡುವಂತೆ, ಸೊಂಟದ ಬೀಗದಕೈ ಗೊಂಚಲು ಕಿತ್ತು ಅವನ ಕೈಗೆ ತುರುಕಿದಳು. ಚೀಲದಿಂದ ಉರುಳಿದ ಉಳ್ಳಾಗಡ್ಡಿಯನ್ನು ಹಲ್ಲಿನಿಂದಲೇ ಸೀಳಿ ಮೂಗಿಗೆ ಒತ್ತಿದಳು.

"ಕಣ್ಣ ತಗೀರಿ! ನಾ ಬಂದೀನಿ, ಕಣ್ಣ ತಗೀರಿ!"

ಇನಾಯತ ಹೆಡ್‌ಫೋನ್ ಕಿತ್ತು ಕೆಮ್ಮಿದ. ಉಳ್ಳಾಗಡ್ಡಿಯ ಘಾಟಿಗೆ ಕಣ್ಣಲ್ಲಿ ನೀರು ಬಂದಿತ್ತು. "ಏ, ನನಗೇನ ಆಗಿಲ್ಲ. ಸೀಟ ನಡಗಾಕತ್ತೈತಿ. ಮೋಟಾರ ಹಾಕಸೇನಿ."

ಅವಳಿಗೆ ಅದೊಂದೂ ಕೇಳಿಸಲಿಲ್ಲ. ಅವನು ಬಗ್ಗಿ ಸ್ವಿಚ್ಚು ಆರಿಸಿದ.

ಸೀಟು ನಿಂತಿತು. ಅವನ ಮುಷ್ಟಿಯನ್ನು ಹಿಡಿದ ಅವಳ ಕೈಗಳು ನಿಲ್ಲಲಿಲ್ಲ. ಎಷ್ಟೋ ಹೊತ್ತು ಬೀಗದಕೈಗಳು ಕಿಣಿಕಿಣಿ ಎನ್ನುತ್ತಲೇ ಇದ್ದವು.